ಲೆಕ್ಕ ಒಪ್ಪಿಸುವ ಧ್ವನಿ: ಕನ್ನಡ ಸಭೆಗಳ ಸಂಡೇ ಸ್ಕೂಲ್ ಶಿಕ್ಷಕರಿಗೂ ಯುವಜನ ಕೂಟಗಳ ಮುಂದಾಳುಗಳಿಗೂ ಒಂದು ಬಹಿರಂಗ ಪತ್ರ



ಸಭೆಯ ವೇದಿಕೆಯ ಮೇಲೆ ಯಾರು ನಿಂತು ಬೋಧಿಸಬೇಕು ಎಂಬುದನ್ನು ಕನ್ನಡ ಸಭೆಗಳಲ್ಲಿ ಬಹುಕಾಲ ಸಭಾಪಾಲಕರೂ ಸಭಾ ಸಮಿತಿಯೂ ಕೂಡಿ ತೀರ್ಮಾನಿಸುತ್ತಿದ್ದರು. ಹೊರಗಿನಿಂದ ಬರುವ ಬೋಧಕರು ಯಾವ ಸಭೆಗೆ ಸೇರಿದವರು, ಅವರನ್ನು ಕಳಿಸಿದವರು ಯಾರು, ಹಿಂದೆ ಎಲ್ಲಿ ಸೇವೆ ಮಾಡಿದ್ದರು ಎಂದು ವಿಚಾರಿಸಿದ ಮೇಲೆಯೇ ಕನ್ವೆನ್ಶನ್ ಕೂಟದ ಕರಪತ್ರದಲ್ಲಿ ಅವರ ಹೆಸರು ಅಚ್ಚಾಗುತ್ತಿತ್ತು. ಈಗ ಆ ತೀರ್ಮಾನ ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳಾದ ಯುವಜನ ಮುಂದಾಳುಗಳ ಕೈಗೂ, ಭಾನುವಾರದ ಪಾಠಕ್ಕೆಂದು ಶನಿವಾರ ರಾತ್ರಿ ಯೂಟ್ಯೂಬಿನಲ್ಲಿ ವಿಡಿಯೊ ಹುಡುಕುವ ಶಿಕ್ಷಕರ ಕೈಗೂ ಬಂದಿದೆ. ಒಂದು ಸಭೆಯ ಮಕ್ಕಳೂ ಯುವಕರೂ ವಾರವಿಡೀ ಯಾರ ಮಾತು ಕೇಳುತ್ತಾರೆ ಎಂಬುದನ್ನು ಇಂದು ನಿರ್ಧರಿಸುವವರಲ್ಲಿ ಅವರೇ ಮುಖ್ಯರಾಗಿರುವುದರಿಂದ ಈ ಪತ್ರ ಅವರನ್ನೇ ಉದ್ದೇಶಿಸಿದೆ.

ಇಲ್ಲಿ ಹೇಳಬೇಕಾಗಿರುವುದು ಮೂಲತಃ ಒಂದೇ ವಿಷಯ. ಸಾಮಾಜಿಕ ಜಾಲತಾಣದಲ್ಲಿ ಕೇಳಿಬರುವ ಕ್ರೈಸ್ತ ಧ್ವನಿಯೊಂದು ನಂಬಿಕೆಗೆ ಅರ್ಹವೇ ಎಂದು ತಿಳಿಯಬೇಕಾದರೆ, ಅದು ಎಷ್ಟು ಜನರನ್ನು ಮುಟ್ಟಿದೆ, ಎಷ್ಟು ಮನ ಕರಗಿಸುತ್ತದೆ, ಎಷ್ಟು ವಚನಗಳನ್ನು ಬಾಯಿಪಾಠವಾಗಿ ಹೇಳುತ್ತದೆ ಎಂಬುದಕ್ಕಿಂತ ಮೊದಲು, ಆ ಧ್ವನಿ ಯಾರಿಗೆ ಲೆಕ್ಕ ಒಪ್ಪಿಸುತ್ತದೆ, ಅದು ದಾರಿ ತಪ್ಪಿದಾಗ ತಡೆದು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಕೇಳಬೇಕು. ಬೋಧನೆಯು ಸತ್ಯವೇದಕ್ಕೆ ಒಪ್ಪುತ್ತದೆಯೇ ಎಂಬ ಪರೀಕ್ಷೆಯನ್ನು ಇದು ತಳ್ಳಿಹಾಕುವುದಿಲ್ಲ. ಪೌಲನ ಮಾತನ್ನೇ ದಿನದಿನವೂ ಶಾಸ್ತ್ರದೊಡನೆ ಹೋಲಿಸಿ ನೋಡಿದ ಬೆರೋಯದವರನ್ನು ಅಪೊಸ್ತಲರ ಕೃತ್ಯಗಳ ಪುಸ್ತಕವು ಹೊಗಳುತ್ತದೆ, ಆ ಮಾದರಿಯನ್ನು ಬೋಧಕರು ಪದೇಪದೇ ನೆನಪಿಸುವುದೂ ಸರಿಯೇ. ಆದರೆ ಬೆರೋಯದವರ ಎದುರಿಗೆ ಪೌಲನು ಖುದ್ದಾಗಿ ಇದ್ದನು. ಅವನು ಎಲ್ಲಿ ಇಳಿದುಕೊಂಡಿದ್ದನು, ಯಾರೊಡನೆ ಊಟ ಮಾಡುತ್ತಿದ್ದನು, ಪ್ರಶ್ನೆ ಕೇಳಿದಾಗ ಹೇಗೆ ಉತ್ತರಿಸುತ್ತಿದ್ದನು ಎಂಬುದೆಲ್ಲ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ಅರವತ್ತು ಸೆಕೆಂಡಿನ ರೀಲ್‌ನಲ್ಲಿ ಕಾಣುವುದು ಒಂದು ಮುಖ ಮತ್ತು ಒಂದಿಷ್ಟು ಮಾತು ಮಾತ್ರ.

ಫೋನಿನ ಮೂಲಕ ಬರುವ ಸುವಾರ್ತೆಯನ್ನು ತುಚ್ಛವಾಗಿ ಕಾಣುವುದು ಈ ಪತ್ರದ ಉದ್ದೇಶವಲ್ಲ. ತಿಂಗಳಿಗೊಮ್ಮೆ ಮಾತ್ರ ಸಭಾಪಾಲಕರು ಬರುವ ಹಳ್ಳಿಗಳಲ್ಲಿ, ಹಾಸಿಗೆ ಹಿಡಿದ ಹಿರಿಯರ ಕೋಣೆಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಭಾನುವಾರವೂ ಕೆಲಸಕ್ಕೆ ಹೋಗಬೇಕಾದ ಕನ್ನಡಿಗರ ವಸತಿಗಳಲ್ಲಿ ಕನ್ನಡದ ಒಂದು ಪ್ರಾರ್ಥನೆ, ಒಂದು ಗೀತೆ ಕೇಳಿಸುವುದು ದೊಡ್ಡ ಉಪಕಾರ. ಆ ಉಪಕಾರವನ್ನು ನಿಷ್ಠೆಯಿಂದ ಮಾಡುತ್ತಿರುವವರು ಅನೇಕರಿದ್ದಾರೆ. ಅವರನ್ನು ಇತರರಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವಾಗಿದೆ ಎಂಬುದೇ ಇಲ್ಲಿರುವ ಚಿಂತೆ.

ಈ ಕಷ್ಟಕ್ಕೆ ಮೊದಲ ಕಾರಣ ಜಾಲತಾಣಗಳ ಶಿಫಾರಸು ವ್ಯವಸ್ಥೆ, ಅಂದರೆ ಯಾರ ಪರದೆಯ ಮೇಲೆ ಯಾವ ವಿಡಿಯೊ ಬರಬೇಕೆಂದು ಲೆಕ್ಕ ಹಾಕಿ ತೀರ್ಮಾನಿಸುವ ಆಲ್ಗಾರಿದಮ್. ಯೂಟ್ಯೂಬ್ 2012ರಲ್ಲಿ ವೀಕ್ಷಣೆಗಳ ಎಣಿಕೆಗಿಂತ ವೀಕ್ಷಕರು ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡಲಾರಂಭಿಸಿತು. ಫೇಸ್‌ಬುಕ್ 2018ರಲ್ಲಿ ಜನ ಹೆಚ್ಚು ಕಾಮೆಂಟ್ ಮಾಡುವ, ಹೆಚ್ಚು ಹಂಚಿಕೊಳ್ಳುವ ಬರಹಗಳನ್ನು ಮುಂದಕ್ಕೆ ತರುವಂತೆ ತನ್ನ ವ್ಯವಸ್ಥೆಯನ್ನು ಬದಲಿಸಿತು. ಈ ಲೆಕ್ಕಾಚಾರದಲ್ಲಿ ಬೋಧನೆ ಸತ್ಯವೋ ಸುಳ್ಳೋ ಎಂಬುದಕ್ಕೆ ಸ್ಥಾನವಿಲ್ಲ. ಹೆದರಿಸುವ ಪ್ರವಾದನೆ, ಕಣ್ಣೀರು ತರಿಸುವ ಸಾಕ್ಷಿ, ಇನ್ನೊಂದು ಸಭೆಯವರ ಮೇಲೆ ಕಿಡಿಕಾರುವ ಮಾತು ಇವು ಜನರನ್ನು ಹಿಡಿದು ಕೂರಿಸುತ್ತವೆ; ರೋಮಾಪುರದವರಿಗೆ ಬರೆದ ಪತ್ರದ ಒಂದು ಅಧ್ಯಾಯವನ್ನು ತಾಳ್ಮೆಯಿಂದ ಬಿಡಿಸಿ ಹೇಳುವ ಪಾಠ ಹಾಗೆ ಹಿಡಿದು ಕೂರಿಸುವುದು ಅಪರೂಪ. ಹೀಗಾಗಿ ಮೇಲಕ್ಕೆ ಬರುವ ಧ್ವನಿಗಳೆಲ್ಲ ಕೆಟ್ಟವು ಎನ್ನಲಾಗದಿದ್ದರೂ, ಮೇಲಕ್ಕೆ ಬಂದಿರುವುದೇ ಒಳ್ಳೆಯತನಕ್ಕೆ ಸಾಕ್ಷಿಯಲ್ಲ ಎಂಬುದು ಖಚಿತ.

ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ಸಂಗತಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಫೇಸ್‌ಬುಕ್ ಕಂಪನಿಯೊಳಗೆ 2019ರ ಅಕ್ಟೋಬರಿನಲ್ಲಿ ಸಿದ್ಧವಾದ ಒಂದು ಆಂತರಿಕ ವರದಿಯನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2021ರ ಸೆಪ್ಟೆಂಬರಿನಲ್ಲಿ ಬಹಿರಂಗಪಡಿಸಿತು. ಅಮೆರಿಕದ ಕ್ರೈಸ್ತರನ್ನು ಉದ್ದೇಶಿಸಿದ ಅತ್ಯಂತ ಜನಪ್ರಿಯ ಪುಟಗಳನ್ನು ನಡೆಸುತ್ತಿದ್ದವರು ಪೂರ್ವ ಯೂರೋಪಿನ, ಮುಖ್ಯವಾಗಿ ಕೊಸೊವೊ ಮತ್ತು ಮ್ಯಾಸಿಡೋನಿಯಾದ ಟ್ರೋಲ್ ಫಾರ್ಮ್‌ಗಳು, ಅಂದರೆ ನಕಲಿ ಗುರುತಿನಲ್ಲಿ ಸಾಲುಸಾಲು ಪುಟಗಳನ್ನು ನಡೆಸಿ ಲಾಭ ಮಾಡಿಕೊಳ್ಳುವ ಗುಂಪುಗಳು, ಎಂದು ಆ ವರದಿ ತೋರಿಸಿತ್ತು. ಅವುಗಳ ಕ್ರೈಸ್ತ ಪುಟಗಳು ಒಟ್ಟಾಗಿ ತಿಂಗಳಿಗೆ ಸುಮಾರು 7.5 ಕೋಟಿ ಅಮೆರಿಕನ್ನರನ್ನು ತಲುಪುತ್ತಿದ್ದವು, ಆ ಜನರಲ್ಲಿ ಶೇ. 95ರಷ್ಟು ಮಂದಿ ಆ ಪುಟಗಳನ್ನು ಎಂದೂ ಫಾಲೋ ಮಾಡಿದವರಲ್ಲ. ವ್ಯವಸ್ಥೆಯೇ ಅವುಗಳನ್ನು ಅವರ ಮುಂದೆ ತಂದಿಟ್ಟಿತ್ತು. ಬೆಳಗಿನ ಧ್ಯಾನಕ್ಕೆಂದು ಫೋನ್ ತೆರೆದ ವಿಶ್ವಾಸಿಗಳು ಆಮೆನ್ ಎಂದು ಬರೆದದ್ದು ಯಾವ ಸಭೆಗೂ ಲೆಕ್ಕ ಒಪ್ಪಿಸದ ಜನರ ಪುಟಗಳ ಕೆಳಗೆ. ಅಲ್ಲಿದ್ದ ವಚನಗಳು ಸತ್ಯವೇದದವೇ ಆಗಿದ್ದಿರಬಹುದು, ಚಿತ್ರಗಳು ಸುಂದರವಾಗಿದ್ದಿರಬಹುದು. ವಚನ ಸರಿಯಾಗಿದೆ ಎಂಬ ಒಂದೇ ಪರೀಕ್ಷೆ ಅಲ್ಲಿ ಯಾರನ್ನೂ ಕಾಪಾಡಲಿಲ್ಲ.

ಆಮೆನ್ ಎಂದು ಟೈಪ್ ಮಾಡಿ, ಹತ್ತು ಜನರಿಗೆ ಕಳಿಸಿದರೆ ಆಶೀರ್ವಾದ, ಕಡೆಗಣಿಸಿದರೆ ಕೇಡು ಎಂಬ ಬರಹಗಳು ಕನ್ನಡದ ಗುಂಪುಗಳಲ್ಲಿಯೂ ಹೇರಳವಾಗಿ ಸುತ್ತುತ್ತಿವೆ. ಇಂಥ ಬರಹಗಳನ್ನು ಪ್ರತಿಕ್ರಿಯೆ ಕೀಳಲು ಒಡ್ಡುವ ಗಾಳವೆಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲಿಯೇ ಗುರುತಿಸಿ, ಅವುಗಳನ್ನು ಹಿಂದಕ್ಕೆ ತಳ್ಳುವುದಾಗಿ ಪ್ರಕಟಿಸಿತ್ತು. ಆದರೂ ಅವು ನಿಂತಿಲ್ಲ. 2024ರಲ್ಲಿ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ, ಸೀಗಡಿಗಳಿಂದಲೇ ರೂಪುಗೊಂಡ ಯೇಸುವಿನ ವಿಚಿತ್ರ ಚಿತ್ರಗಳು ಫೇಸ್‌ಬುಕ್‌ನಲ್ಲಿ ಹರಡಿದಾಗ ಅವುಗಳ ಕೆಳಗೂ ಆಮೆನ್‌ಗಳು ಸಾಲುಗಟ್ಟಿದ್ದವು. ಸಭೆಯಲ್ಲಿ ಆಮೆನ್ ಎಂದರೆ ಕೇಳಿದ ಪ್ರಾರ್ಥನೆಗೆ ತಾನೂ ಸಾಕ್ಷಿ ಹಾಕುವ ಒಪ್ಪಿಗೆ. ಅಪರಿಚಿತರ ವ್ಯಾಪಾರಕ್ಕೆ ಅದನ್ನು ಕೊಡಬಾರದೆಂದು ಸಂಡೇ ಸ್ಕೂಲಿನ ಮಕ್ಕಳಿಗೆ ಇಂದೇ ಕಲಿಸಬಹುದು.

ಅಲೆದಾಡುವ ಬೋಧಕರನ್ನು ಗುರುತಿಸುವ ಕಷ್ಟ ಸಭೆಗೆ ಹೊಸದಲ್ಲ. ಎರಡನೆಯ ಶತಮಾನದ ಗ್ರೀಕ್ ವಿಡಂಬನಕಾರ ಲೂಸಿಯನ್ ಕ್ರೈಸ್ತನಲ್ಲ, ಕ್ರೈಸ್ತರ ಬಗ್ಗೆ ಅವನಿಗೆ ಗೌರವವೂ ಇರಲಿಲ್ಲ. ಅವನು ಪೆರೆಗ್ರಿನಸ್ ಎಂಬ ತಿರುಗಾಡಿ ತತ್ತ್ವಜ್ಞಾನಿಯ ಕಥೆ ಬರೆದಿದ್ದಾನೆ. ಪೆರೆಗ್ರಿನಸ್ ಪ್ಯಾಲೆಸ್ಟೈನಿನ ಕ್ರೈಸ್ತರ ನಡುವೆ ಸೇರಿಕೊಂಡು, ಬೇಗನೇ ಅವರ ಪ್ರವಾದಿಯೂ ಸಭಾನಾಯಕನೂ ಆಗಿ, ಸೆರೆಗೆ ಬಿದ್ದಾಗ ವಿಧವೆಯರೂ ಅನಾಥ ಮಕ್ಕಳೂ ಮುಂಜಾನೆಯಿಂದಲೇ ಸೆರೆಮನೆಯ ಬಾಗಿಲಲ್ಲಿ ಕಾದು ಕುಳಿತರಂತೆ, ಏಷ್ಯಾದ ಪಟ್ಟಣಗಳಿಂದ ಸಭೆಯ ಖರ್ಚಿನಲ್ಲಿಯೇ ಜನ ಬಂದರಂತೆ, ಅವನಿಗೆ ಸಾಕಷ್ಟು ಹಣವೂ ಸೇರಿತಂತೆ. ಯಾವ ಕುಶಲ ಮೋಸಗಾರನಾದರೂ ಈ ಸರಳ ಜನರ ನಡುವೆ ಬೇಗನೇ ಶ್ರೀಮಂತನಾಗಬಲ್ಲನು ಎಂಬುದು ಲೂಸಿಯನ್ನನ ಕುಹಕ. ಕುಹಕವನ್ನು ಬದಿಗಿಟ್ಟು ನೋಡಿದರೆ ಅದರಲ್ಲಿ ಎರಡು ಸತ್ಯಗಳಿವೆ: ಆ ಸಭೆಗಳ ಪ್ರೀತಿ ನಿಜವಾಗಿತ್ತು, ಆ ಪ್ರೀತಿಯೇ ಮೋಸಕ್ಕೆ ಬಾಗಿಲೂ ಆಗಿತ್ತು.

ಸಭೆಗಳಿಗೆ ಇದು ತಿಳಿದಿತ್ತು ಎಂಬುದಕ್ಕೆ ಹನ್ನೆರಡು ಅಪೊಸ್ತಲರ ಬೋಧನೆ ಎಂದು ಕರೆಯಲಾಗುವ ದಿದಾಖೆ ಎಂಬ ಕಿರುಗ್ರಂಥವೇ ಸಾಕ್ಷಿ. ಬಹುಪಾಲು ವಿದ್ವಾಂಸರು ಇದನ್ನು ಮೊದಲನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿಸುತ್ತಾರೆ. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷರು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಾಲಯವೊಂದರಲ್ಲಿ ಕಂಡು 1883ರಲ್ಲಿ ಅಚ್ಚು ಮಾಡಿಸಿದರು. ಊರಿಂದೂರಿಗೆ ನಡೆದು ಬರುವ ಬೋಧಕರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅದು ಬಹಳ ವ್ಯಾವಹಾರಿಕವಾಗಿ ಹೇಳುತ್ತದೆ. ಬಂದವನನ್ನು ಕರ್ತನನ್ನು ಬರಮಾಡಿಕೊಳ್ಳುವಂತೆಯೇ ಬರಮಾಡಿಕೊಳ್ಳಬೇಕು. ಆದರೆ ಅವನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು, ಮೂರನೆಯ ದಿನವೂ ಹೊರಡದಿದ್ದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಸಾಲುವಷ್ಟು ರೊಟ್ಟಿಯನ್ನು ಮಾತ್ರ ಒಯ್ಯಬೇಕು, ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟ ಬಡಿಸಿರೆಂದು ಅಪ್ಪಣೆ ಕೊಟ್ಟು ತಾನೇ ಅದನ್ನು ಉಣ್ಣುವವನೂ, ಸತ್ಯವನ್ನು ಬೋಧಿಸಿ ಅದರಂತೆ ನಡೆಯದವನೂ ಹಾಗೆಯೇ. ಕೊರತೆಯಲ್ಲಿರುವ ಇತರರಿಗಾಗಿ ಕೇಳಿದರೆ ಮಾತ್ರ ಯಾರೂ ಅವನನ್ನು ದೂರಬಾರದು. ಊರಿನಲ್ಲಿಯೇ ನೆಲೆಸಬಯಸುವ ಸಾಮಾನ್ಯ ಪ್ರಯಾಣಿಕನು ಕೆಲಸ ಮಾಡಿ ಉಣ್ಣಬೇಕು, ಒಲ್ಲೆನೆಂದರೆ ಅವನು ಕ್ರಿಸ್ತನ ಹೆಸರನ್ನು ವ್ಯಾಪಾರಕ್ಕೆ ಇಟ್ಟವನು.

ಗಮನಿಸಬೇಕಾದ ಅಂಶವೆಂದರೆ ಇದೇ ಗ್ರಂಥವು ಆತ್ಮದಲ್ಲಿ ಮಾತಾಡುವ ಪ್ರವಾದಿಯ ಮಾತನ್ನು ಪರೀಕ್ಷಿಸಲು ಹೋಗಬೇಡಿರೆಂದೂ ಎಚ್ಚರಿಸುತ್ತದೆ. ಮಾತಿನ ಆಳವನ್ನು ಅಳೆಯುವುದು ಸಾಮಾನ್ಯ ವಿಶ್ವಾಸಿಗೆ ಕಷ್ಟ, ಅಳೆಯಲು ಹೋಗಿ ದೇವರಾತ್ಮನಿಗೆ ವಿರೋಧವಾಗಿ ನಡೆಯುವ ಅಪಾಯವೂ ಉಂಟು. ಆದರೆ ಎಷ್ಟು ದಿನ ಉಳಿದನು, ಏನು ಕೇಳಿದನು, ಏನು ಉಂಡನು, ಹೇಗೆ ನಡೆದನು ಎಂಬುದನ್ನು ಅಕ್ಷರ ಬಾರದ ವಿಧವೆಯೂ ನೋಡಬಲ್ಲಳು. ಆ ಕಾಲದ ಸಭೆಗಳು ಬಡವರನ್ನು ಕಾಪಾಡಲು ಬಡವರ ಕೈಗೆಟುಕುವ ಅಳತೆಗೋಲನ್ನೇ ಆರಿಸಿಕೊಂಡವು. ಇಂದಿನ ಕಾಲಕ್ಕೆ ದಿನಗಳ ಎಣಿಕೆ ಹೊಂದದಿರಬಹುದು, ಆದರೆ ಆ ಆಯ್ಕೆಯ ಹಿಂದಿರುವ ವಿವೇಕ ಹಳೆಯದಾಗಿಲ್ಲ.

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ ಇರಬೇಕಾದ ಗುಣಗಳ ಪಟ್ಟಿಯನ್ನು ಇದೇ ದೃಷ್ಟಿಯಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೋಧಿಸುವ ಸಾಮರ್ಥ್ಯ ಆ ಪಟ್ಟಿಯಲ್ಲಿ ಒಂದು ಅಂಶ ಮಾತ್ರ. ಮಿಕ್ಕವು, ಅಂದರೆ ಕುಡಿತಕ್ಕೆ ಬೀಳದಿರುವುದು, ಜಗಳಗಂಟನಲ್ಲದಿರುವುದು, ಹಣದಾಸೆ ಇಲ್ಲದಿರುವುದು, ಅತಿಥಿಗಳನ್ನು ಆದರಿಸುವುದು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸುವುದು, ಸಭೆಯ ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದಿರುವುದು, ಇವೆಲ್ಲ ಪಕ್ಕದ ಮನೆಯವರಿಗೆ, ಕಿರಾಣಿ ಅಂಗಡಿಯವರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ತಿಳಿಯುವಂಥವು. ಕ್ಯಾಮೆರಾ ತೋರಿಸಬಲ್ಲದ್ದು ಪಟ್ಟಿಯ ಆ ಒಂದು ಅಂಶವನ್ನಷ್ಟೇ. ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸಿದಾಗ ಪೌಲನು ಆ ಹಣವನ್ನು ತಾನೊಬ್ಬನೇ ಒಯ್ಯಲು ಒಪ್ಪದೆ, ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡನು; ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಆಕ್ಷೇಪಣೆಗೆ ಎಡೆಯಿರಬಾರದು ಎಂಬುದು ಅವನು ಕೊರಿಂಥದವರಿಗೆ ಕೊಟ್ಟ ಕಾರಣ. ದೇವರಿಗೆ ಮಾತ್ರ ತಾನು ಉತ್ತರ ಕೊಡಬೇಕಾದವನು ಎಂದು ವಿಡಿಯೊದಲ್ಲಿ ಘೋಷಿಸುವ ಬೋಧಕರು ಅಪೊಸ್ತಲನೂ ಬಯಸದ ಸ್ವಾತಂತ್ರ್ಯವನ್ನು ಬಯಸುತ್ತಿದ್ದಾರೆ.

ಈ ಕಾಲದಲ್ಲಿ ಅಂಥ ಸ್ವಾತಂತ್ರ್ಯದ ಬೆಲೆ ಏನೆಂಬುದನ್ನು ರವಿ ಝಕರಾಯಸ್ ಅವರ ಪ್ರಕರಣದಷ್ಟು ನೋವಿನಿಂದ ಕಲಿಸಿದ್ದು ಬೇರೆ ಇಲ್ಲ. 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದು, ಕೆನಡಾಕ್ಕೆ ಹೋಗಿ, 1984ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಕಟ್ಟಿದ ಅವರು ವಿಶ್ವಾಸ ಸಮರ್ಥನೆಯಲ್ಲಿ, ಅಂದರೆ ಕ್ರೈಸ್ತ ನಂಬಿಕೆಯ ಬಗ್ಗೆ ಏಳುವ ಪ್ರಶ್ನೆಗಳಿಗೆ ತರ್ಕದ ಮೂಲಕ ಉತ್ತರ ಕೊಡುವ ವಿದ್ಯೆಯಲ್ಲಿ, ಜಗತ್ತಿನಾದ್ಯಂತ ಹೆಸರಾಗಿದ್ದರು. ಅವರ ಭಾಷಣಗಳನ್ನು ಕೇಳಿ ನಂಬಿಕೆಯಲ್ಲಿ ಗಟ್ಟಿಯಾದ ಭಾರತೀಯ ಯುವಕರು ಬಹಳ. 2020ರ ಮೇ 19ರಂದು ಅವರು ತೀರಿಕೊಂಡಾಗ ಗೌರವಾರ್ಪಣೆಗಳು ಹರಿದು ಬಂದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆ, ಅವರು ಪಾಲುದಾರರಾಗಿದ್ದ ಸ್ಪಾಗಳಲ್ಲಿ ಕೆಲಸ ಮಾಡಿದ ಮಹಿಳೆಯರ ದೂರುಗಳನ್ನು ಪ್ರಕಟಿಸಿತು. ಸಂಸ್ಥೆಯೇ ನೇಮಿಸಿದ ಕಾನೂನು ಕಂಪನಿಯ ತನಿಖಾ ವರದಿ 2021ರ ಫೆಬ್ರವರಿಯಲ್ಲಿ ಹೊರಬಂದು, ವರ್ಷಗಟ್ಟಲೆ ನಡೆದ ಲೈಂಗಿಕ ದುರ್ನಡತೆಯನ್ನು ದೃಢಪಡಿಸಿತು. ಆಡಳಿತ ಮಂಡಳಿ ಕ್ಷಮೆ ಕೇಳಿತು, ಪ್ರಕಾಶಕರು ಅವರ ಪುಸ್ತಕಗಳನ್ನು ಹಿಂತೆಗೆದುಕೊಂಡರು.

ಅವರ ಬೋಧನೆಯನ್ನು ಸತ್ಯವೇದದೊಡನೆ ಹೋಲಿಸಿ ನೋಡಿದವರಿಗೆ ದೊಡ್ಡ ದೋಷವೇನೂ ಸಿಗುತ್ತಿರಲಿಲ್ಲ ಎಂಬುದೇ ಇಲ್ಲಿನ ಕಠಿಣ ಪಾಠ. ಆದರೆ ಮಾತಿನ ಆಚೆಗೆ ನೋಡಿದವರಿಗೆ ಕಾಣುವಂಥ ಗುರುತುಗಳು ಮೊದಲೇ ಇದ್ದವು. ಗೌರವ ಡಾಕ್ಟರೇಟುಗಳನ್ನು ಮಾತ್ರ ಪಡೆದಿದ್ದ ಅವರನ್ನು ವರ್ಷಗಳ ಕಾಲ ಡಾಕ್ಟರ್ ಎಂದು ಪರಿಚಯಿಸಲಾಗುತ್ತಿತ್ತು. ಕೇಂಬ್ರಿಜ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳೊಂದಿಗಿನ ಸಂಬಂಧವನ್ನೂ ಇದ್ದದ್ದಕ್ಕಿಂತ ಹಿಗ್ಗಿಸಿ ಹೇಳಲಾಗಿತ್ತು, ಇದನ್ನು ಹೊರಗಿನವರು ದಾಖಲೆ ಸಮೇತ ಎತ್ತಿ ತೋರಿಸಿದ್ದರು. ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆಂಬುದನ್ನು ಸಂಸ್ಥೆ ಸಾರ್ವಜನಿಕವಾಗಿ ಹೇಳುತ್ತಿರಲಿಲ್ಲ. 2017ರಲ್ಲಿ ಕೆನಡಾದ ಒಬ್ಬ ಮಹಿಳೆ ದೂರಿದಾಗ ಅವರೇ ಆಕೆಯ ಮೇಲೂ ಆಕೆಯ ಗಂಡನ ಮೇಲೂ ಮೊಕದ್ದಮೆ ಹೂಡಿದರು, ಪ್ರಕರಣವು ಗೌಪ್ಯತೆಯ ಒಪ್ಪಂದದಲ್ಲಿ ಮುಗಿಯಿತು, ಸಂಸ್ಥೆ ಅವರ ಮಾತನ್ನೇ ನಂಬಿತು. ಸಣ್ಣ ವಿಷಯದಲ್ಲಿ ಹಿಗ್ಗಿಸಿದ ಮಾತು, ಹೆಸರು ಹೇಳದ ಮೇಲ್ವಿಚಾರಕರು, ದೂರಿದವರ ಬಾಯಿ ಮುಚ್ಚಿಸುವ ದಾರಿ, ಈ ಮೂರೂ ಸೇರಿದಲ್ಲಿ ಎಷ್ಟೇ ಜ್ಞಾನವಿದ್ದರೂ ಎಚ್ಚರಗೊಳ್ಳಬೇಕು. ಅವರ ಮಾತಿನಿಂದ ನಂಬಿಕೆಗೆ ಬಂದವರ ನಂಬಿಕೆ ಸುಳ್ಳಾಗುವುದಿಲ್ಲ. ಸುವಾರ್ತೆಯ ಸತ್ಯ ಸಾರುವವನ ನಡತೆಯನ್ನು ಅವಲಂಬಿಸಿಲ್ಲ. ಆದರೆ ಆ ಮಹಿಳೆಯರು ಅನುಭವಿಸಿದ್ದನ್ನು ಝಕರಾಯಸ್ ಅವರ ಪ್ರತಿಭೆಯ ಎದುರಿಟ್ಟು ತೂಗಿ ಸಮಾಧಾನಪಟ್ಟುಕೊಳ್ಳುವುದು ಕ್ರೂರತನ.

ಸಂಸ್ಥೆ ಇದ್ದ ಮಾತ್ರಕ್ಕೆ ಲೆಕ್ಕ ಒಪ್ಪಿಸುವಿಕೆ ಇದೆ ಎಂದಾಗುವುದಿಲ್ಲ ಎಂಬುದನ್ನೂ ಈ ಪ್ರಕರಣ ತಿಳಿಸುತ್ತದೆ. ದೊಡ್ಡ ಪಂಗಡಗಳೂ ಹಳೆಯ ಸಭೆಗಳೂ ತಮ್ಮವರ ತಪ್ಪನ್ನು ಮುಚ್ಚಿಟ್ಟ ಉದಾಹರಣೆಗಳು ಹಲವು ದೇಶಗಳಲ್ಲಿ ಬಯಲಾಗಿವೆ. ಆದ್ದರಿಂದ ಬೋಧಕರು ಯಾವ ಪಂಗಡಕ್ಕೆ ಸೇರಿದ್ದಾರೆ ಎಂದಷ್ಟೇ ಕೇಳಿ ಸುಮ್ಮನಾಗದೆ, ಆ ಪಂಗಡದಲ್ಲಿ ಅವರ ಮೇಲೆ ದೂರು ಕೊಡಲು ದಾರಿ ಇದೆಯೇ, ಹಿಂದೆ ಆ ದಾರಿಯಲ್ಲಿ ಹೋದವರಿಗೆ ಏನಾಯಿತು ಎಂದೂ ವಿಚಾರಿಸಬೇಕು. ಕಥೋಲಿಕ ಧರ್ಮಸಭೆಯಲ್ಲಿ ಕೆಲವು ಬಗೆಯ ಧಾರ್ಮಿಕ ಪುಸ್ತಕಗಳಿಗೆ ಧರ್ಮಾಧ್ಯಕ್ಷರ ಇಂಪ್ರಿಮಾತುರ್, ಅಂದರೆ ಮುದ್ರಣದ ಅನುಮತಿ, ಪಡೆಯುವ ಪದ್ಧತಿ ಇದೆ. ಯೂಟ್ಯೂಬಿನ ಸಾವಿರಾರು ಬೋಧನೆಗಳಿಗೆ ಹಾಗೆ ಮೊದಲೇ ಓದಿ ನೋಡುವವರು ಯಾರೂ ಇಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಕ್ರೈಸ್ತರು ಹೇಗಿರಬೇಕೆಂಬ ಬಗ್ಗೆ ವ್ಯಾಟಿಕನ್ 2023ರ ಮೇ 28ರಂದು ಹೊರತಂದ ಚಿಂತನ ಪತ್ರವು ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಮುಂದಿಟ್ಟುಕೊಂಡು, ಜಾಲತಾಣದಲ್ಲಿಯೂ ನೆರೆಯವರಾಗಿರುವುದು ಹೇಗೆಂದು ಕೇಳುತ್ತದೆ. ಪ್ರಶ್ನೆ ಒಳ್ಳೆಯದು; ಆದರೆ ನೆರೆಯವರೆಂದರೆ ಕಣ್ಣಿಗೆ ಕಾಣುವವರು, ತಪ್ಪಿದರೆ ಉತ್ತರ ಕೊಡಬೇಕಾದವರು ಎಂಬ ಮಾತನ್ನೂ ಅದಕ್ಕೆ ಸೇರಿಸಬೇಕು.

ಪ್ರವಾದನೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು, ಏಕೆಂದರೆ ಹೊಸ ವರ್ಷದ ರಾತ್ರಿಯ ಪ್ರವಾದನೆಗಳು ಕನ್ನಡ ಗುಂಪುಗಳಲ್ಲಿ ಬಹಳ ವೇಗವಾಗಿ ಹರಡುತ್ತವೆ. ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯದಲ್ಲಿ ಗಿಬ್ಯೋನಿನ ಹನನ್ಯನು, ಬಾಬೆಲಿಗೆ ಒಯ್ದ ಆಲಯದ ಪಾತ್ರೆಗಳು ಎರಡು ವರ್ಷದೊಳಗೆ ಮರಳಿ ಬರುವವೆಂದು ಜನರೆಲ್ಲರ ಮುಂದೆ ಸಾರುತ್ತಾನೆ. ಯೆರೆಮೀಯನು ಮೊದಲು ಆಮೆನ್ ಎನ್ನುತ್ತಾನೆ, ಹಾಗೆಯೇ ಆಗಲಿ ಎಂದು ಹಾರೈಸುತ್ತಾನೆ. ಆಮೇಲೆ, ಶಾಂತಿಯನ್ನು ಸಾರುವ ಪ್ರವಾದಿ ನಿಜವಾಗಿ ಕಳುಹಿಸಲ್ಪಟ್ಟವನೆಂಬುದು ಮಾತು ನೆರವೇರಿದಾಗ ಮಾತ್ರ ತಿಳಿಯುವುದೆಂದು ನೆನಪಿಸುತ್ತಾನೆ. ಕೇಳಲು ಹಿತವಾದ ಮಾತಿನ ಬಗ್ಗೆ ಇಷ್ಟು ಸೌಜನ್ಯವೂ ಇಷ್ಟು ಎಚ್ಚರವೂ ಒಟ್ಟಿಗೆ ಇರುವುದು ಅಪರೂಪ. 2020ರ ಅಮೆರಿಕದ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಗೆಲ್ಲುವರೆಂದು ಅಲ್ಲಿನ ಹಲವು ಪ್ರವಾದಿಗಳು ದೇವರ ಹೆಸರಿನಲ್ಲಿ ಹೇಳಿದ್ದರು. ಅದು ಸುಳ್ಳಾದಾಗ ಕೆಲವರು ಕಾರಣಗಳನ್ನು ಹುಡುಕಿದರು. ಜೆರೆಮಾಯ ಜಾನ್ಸನ್ ಎಂಬ ಯುವ ಬೋಧಕರು 2021ರ ಜನವರಿಯಲ್ಲಿ ತಾವು ತಪ್ಪಿದ್ದಾಗಿ ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿದರು, ಅದಕ್ಕಾಗಿ ವಿಶ್ವಾಸಿಗಳಿಂದಲೇ ಬೆದರಿಕೆಗಳನ್ನು ಎದುರಿಸಿದರು. ನೆರವೇರದ ಮಾತಿಗೆ ಬೋಧಕರು ಲೆಕ್ಕ ಕೊಡುವಂತೆ ಕೇಳುಗರು ಕೇಳಬೇಕು, ಕೊಟ್ಟಾಗ ಅದನ್ನು ಸ್ವೀಕರಿಸಲೂ ಕಲಿಯಬೇಕು. ಹಳೆಯ ವಿಡಿಯೊವನ್ನು ಸದ್ದಿಲ್ಲದೆ ಅಳಿಸಿ ಮುಂದಿನ ವರ್ಷದ ಪ್ರವಾದನೆ ಹೇಳುವ ಚಾನೆಲನ್ನು ಗುಂಪಿನಲ್ಲಿ ಹಂಚಲು ಕಾರಣವೇ ಇಲ್ಲ.

ಸ್ವಸ್ಥತೆಯ ವಿಡಿಯೊಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರೋಗಿಗಾಗಿ ಪ್ರಾರ್ಥಿಸುವುದು ಸಭೆಯ ಕರ್ತವ್ಯ. ಮಾತ್ರೆ ನಿಲ್ಲಿಸಿರೆಂದು, ಇನ್ಸುಲಿನ್ ಬೇಡವೆಂದು ಹೇಳುವ ಬೋಧಕರನ್ನು, ಅವರು ಯಾರೇ ಆಗಿರಲಿ, ಆ ಕ್ಷಣದಲ್ಲಿಯೇ ನಿಲ್ಲಿಸಬೇಕು.

ಕನ್ನಡದ ಕೇಳುಗರಿಗೆ ಇನ್ನೊಂದು ತೊಡಕಿದೆ. ಅವರನ್ನು ತಲುಪುವ ಬೋಧನೆಯಲ್ಲಿ ದೊಡ್ಡ ಪಾಲು ತೆಲುಗಿನಿಂದ, ತಮಿಳಿನಿಂದ, ಇಂಗ್ಲಿಷಿನಿಂದ ಅನುವಾದವಾಗಿ ಅಥವಾ ಡಬ್ ಆಗಿ ಬರುವಂಥದ್ದು, ಅದರಲ್ಲಿಯೂ ತುಂಡು ತುಂಡಾಗಿ ಕತ್ತರಿಸಿ ಸಂಗೀತ ಸೇರಿಸಿದ್ದು. ಮೂಲದಲ್ಲಿ ಬೋಧಕರು ಹೇಳಿದ ಷರತ್ತು ತುಂಡಿನಲ್ಲಿ ಬಿದ್ದುಹೋಗುತ್ತದೆ. ಈಗ ಕೃತಕ ಬುದ್ಧಿಮತ್ತೆಯಿಂದ ಯಾರ ಮುಖವನ್ನಾದರೂ ಯಾರ ಧ್ವನಿಯನ್ನಾದರೂ ತಯಾರಿಸಬಹುದಾದ್ದರಿಂದ ಮೂಲವೇ ಇಲ್ಲದ ಭಾಷಣವೂ ಸಾಧ್ಯ. 2023ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಉಬ್ಬಿದ ಬಿಳಿ ಕೋಟು ತೊಟ್ಟಂತೆ ತೋರಿಸಿದ ನಕಲಿ ಚಿತ್ರವನ್ನು ಅನೇಕರು ನಂಬಿದ್ದರು. ಆದ್ದರಿಂದ ತುಂಡು ವಿಡಿಯೊ ಹಂಚುವ ಮೊದಲು ಪೂರ್ಣ ಭಾಷಣ ಬೋಧಕರ ಸ್ವಂತ ಚಾನೆಲಿನಲ್ಲಿ ಇದೆಯೇ ಎಂದು ನೋಡುವುದು ಕನಿಷ್ಠ ಜವಾಬ್ದಾರಿ. ಕನ್ನಡ ಸಭೆಗಳಿಗೆ ಇಂಥ ತಾಳ್ಮೆ ಪರಕೀಯವಲ್ಲ. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಪೂರ್ಣ ಕನ್ನಡ ಬೈಬಲ್ ಹೊರಬಂದ ಮೇಲೂ ಅದನ್ನೇ ಕೊನೆಯ ಮಾತೆಂದು ಯಾರೂ ಬಿಡಲಿಲ್ಲ; ಮುಂದಿನ ತಲೆಮಾರುಗಳು ಅದನ್ನು ಮತ್ತೆ ಮತ್ತೆ ತಿದ್ದಿದವು. ದೇವರ ವಾಕ್ಯದ ಅನುವಾದವೇ ತಿದ್ದುಪಡಿಗೆ ತಲೆಬಾಗಿದ್ದರೆ, ಅದರ ಮೇಲೆ ಮಾತಾಡುವ ಯಾರೂ ತಿದ್ದುಪಡಿಗೆ ಮೀರಿದವರಲ್ಲ.

ಹಣದ ವಿಷಯದಲ್ಲಿ ದಿದಾಖೆಯ ವಿವೇಕವನ್ನು ಹಾಗೆಯೇ ಎತ್ತಿಕೊಳ್ಳಬಹುದು. ಪರದೆಯ ಮೂಲೆಯಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ವ್ಯಕ್ತಿಯದೋ ನೋಂದಾಯಿತ ಸಂಘ ಅಥವಾ ಟ್ರಸ್ಟಿನದೋ ಎಂದು ಯಾರಾದರೂ ನೋಡಬಹುದು. ಸಂಘ ಎಂದಾದರೆ, ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಅದು ಪ್ರತಿವರ್ಷ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಕಾಣಿಕೆ ಕೊಡುವವರು ಆ ಲೆಕ್ಕವನ್ನೂ ರಸೀದಿಯನ್ನೂ ಕೇಳುವುದರಲ್ಲಿ ಅವಿಶ್ವಾಸವೇನೂ ಇಲ್ಲ. ಬೀಜ ಕಾಣಿಕೆ ಎಂಬ ಹೆಸರಿನಲ್ಲಿ, ಅಂದರೆ ಇಂದು ಬಿತ್ತಿದ ಹಣ ನೂರರಷ್ಟಾಗಿ ಮರಳುವುದೆಂಬ ಭರವಸೆಯ ಮೇಲೆ, ಸಾಲದಲ್ಲಿರುವ ಕುಟುಂಬಗಳಿಂದ ಹಣ ಎತ್ತುವವರ ಬಗ್ಗೆ ಯುವಜನ ಕೂಟಗಳಲ್ಲಿ ಹೆಸರು ಹಿಡಿದೇ ಮಾತಾಡಬೇಕು.

ಹೆಸರು ಹಿಡಿದು ಮಾತಾಡುವುದಕ್ಕೂ ಒಂದು ನೀತಿ ಇದೆ. ಸುಳ್ಳು ಬೋಧಕರನ್ನು ಬಯಲು ಮಾಡುವುದಾಗಿ ಹೇಳಿಕೊಂಡು ಹುಟ್ಟಿದ ಚಾನೆಲ್‌ಗಳು ಅದೇ ಶಿಫಾರಸು ವ್ಯವಸ್ಥೆಯ ಆಹಾರವಾಗಿ, ದಿನಕ್ಕೊಬ್ಬರನ್ನು ಪಾಷಂಡಿ ಎಂದು ಕರೆದು ಬದುಕುತ್ತಿವೆ. ಹಿರಿಯನ ಮೇಲಿನ ದೂರನ್ನು ಎರಡು ಮೂರು ಸಾಕ್ಷಿಗಳಿಲ್ಲದೆ ಸ್ವೀಕರಿಸಬಾರದೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ ಹೇಳುತ್ತದೆ. ಅದೇ ಪತ್ರ, ಪಾಪ ದೃಢವಾದರೆ ಎಲ್ಲರ ಮುಂದೆ ಗದರಿಸಬೇಕೆಂದೂ ಹೇಳುತ್ತದೆ. ಮೊದಲಿನದನ್ನು ದೂರಿದವರ ಬಾಯಿ ಮುಚ್ಚಿಸಲು ಬಳಸುವವರೂ, ಎರಡನೆಯದನ್ನು ಗಾಳಿಮಾತು ಹರಡಲು ಬಳಸುವವರೂ ಅರ್ಧ ಪತ್ರವನ್ನು ಮಾತ್ರ ಓದಿದ್ದಾರೆ. ಕರ್ನಾಟಕದಂಥ ಬಹುಧರ್ಮೀಯ ಸಮಾಜದಲ್ಲಿ ಒಂದು ಸಭೆ ಇನ್ನೊಂದರ ಮೇಲೆ ಎಸೆದ ಮಾತು, ಅಥವಾ ನೆರೆಯವರ ದೇವರನ್ನು ಹೀಯಾಳಿಸಿದ ಒಂದು ತುಂಡು ವಿಡಿಯೊ, ಅದನ್ನು ಮಾಡಿದವನಿಗೆ ವೀಕ್ಷಣೆ ತರಬಹುದು. ಅದರ ಫಲ ಉಣ್ಣುವವರು ದೂರದ ಹಳ್ಳಿಯಲ್ಲಿ ನೆರೆಹೊರೆಯವರೊಡನೆ ಬಾಳಬೇಕಾದ ಎರಡು ಮೂರು ಕ್ರೈಸ್ತ ಕುಟುಂಬಗಳು.

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದದ್ದು ಸಾರ್ವಜನಿಕ ಪರದೆಯಿಂದ ಖಾಸಗಿ ಸಂದೇಶಕ್ಕೆ ಜಾರುವ ಬೋಧಕರನ್ನು. ಲೈವ್ ಪ್ರಾರ್ಥನೆಯಲ್ಲಿ ಕಾಮೆಂಟ್ ಹಾಕಿದ ಹುಡುಗಿಗೆ ಆ ರಾತ್ರಿ ಇನ್‌ಬಾಕ್ಸಿನಲ್ಲಿ ಬರುವ ವಿಶೇಷ ಪ್ರವಾದನೆ, ಮನೆಯವರಿಗೆ ಹೇಳಬೇಡವೆಂಬ ಸೂಚನೆ, ಫೋಟೊ ಕಳಿಸಿದರೆ ಪ್ರಾರ್ಥಿಸುವೆನೆಂಬ ಮಾತು ಇವುಗಳಲ್ಲಿ ಯಾವುದೂ ಸೇವೆಯಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಸಭೆಯ ಮರ್ಯಾದೆಯ ಮಾತು ಅದಕ್ಕೆ ಅಡ್ಡ ಬರುವಂತಿಲ್ಲ.

ಯುವಕರು ಹೊರಗಿನ ಧ್ವನಿಗಳ ಕಡೆ ಹೋಗುವುದಕ್ಕೆ ಸಭೆಗಳೂ ಕಾರಣ. ವಿಜ್ಞಾನ, ವಿವಾಹ, ಜಾತಿ, ನಿರುದ್ಯೋಗ, ಖಿನ್ನತೆ ಇವುಗಳ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವವರು ಸಭೆಯಲ್ಲಿ ಸಿಗದಿದ್ದಾಗ, ರಾತ್ರಿ ಹನ್ನೊಂದಕ್ಕೆ ಯೂಟ್ಯೂಬ್ ಉತ್ತರ ಕೊಡುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸಿದ್ಧರಾದವರ ಕೊರತೆ ಇಲ್ಲ. ಬೆಂಗಳೂರಿನಲ್ಲಿ 1910ರಿಂದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ, ಮಂಗಳೂರಿನಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ; ಅಲ್ಲಿ ಕಲಿತವರನ್ನು ತಿಂಗಳಿಗೊಮ್ಮೆ ಯುವಜನ ಕೂಟಕ್ಕೆ ಕರೆದು, ಬೋಧನೆಯ ಬದಲು ಪ್ರಶ್ನೋತ್ತರಕ್ಕೆ ಕೂರಿಸುವುದು ಯಾವ ಸಭೆಗೂ ದುಬಾರಿಯಲ್ಲ.

ಕೊನೆಯದಾಗಿ, ಹೊರಗಿನ ಚಾನೆಲ್‌ಗಳಿಗೆ ಕೇಳುವ ಪ್ರಶ್ನೆಗಳನ್ನು ಸ್ವಂತ ಸಭೆಯ ಚಾನೆಲ್‌ಗೂ ಕೇಳಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಆರಾಧನೆಯ ನೇರಪ್ರಸಾರ ಆರಂಭಿಸಿದ ಅನೇಕ ಸಭೆಗಳ ಚಾನೆಲ್ ಇಂದಿಗೂ ಸಭಾಪಾಲಕರ ಅಥವಾ ಒಬ್ಬ ಯುವಕನ ಸ್ವಂತ ಜಿಮೇಲ್ ಖಾತೆಯಲ್ಲಿದೆ. ಅವರಿಗೆ ವರ್ಗವಾದಾಗ ಇಲ್ಲವೆ ಅವರು ಊರು ಬಿಟ್ಟಾಗ ಚಾನೆಲ್ಲೂ ಅದರ ಕೇಳುಗರೂ ಜೊತೆಗೇ ಹೋಗುತ್ತಾರೆ, ಜಾಹೀರಾತಿನಿಂದ ಬರುವ ಹಣ ಯಾವ ಖಾತೆಗೆ ಸೇರುತ್ತದೆಂದು ಸಮಿತಿಗೇ ತಿಳಿದಿರುವುದಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಶಿಕ್ಷಕರೂ ಯುವಜನ ಮುಂದಾಳುಗಳೂ ಇದನ್ನು ವಿಷಯಸೂಚಿಗೆ ಸೇರಿಸಲೆಂದು ಕೋರಿಕೆ: ಚಾನೆಲ್ ಸಭೆಯ ಹೆಸರಿಗೆ ಬರಲಿ, ಪಾಸ್‌ವರ್ಡ್ ಸಮಿತಿಯ ಇಬ್ಬರ ಬಳಿ ಇರಲಿ, ಅದರ ವರಮಾನ ವಾರ್ಷಿಕ ಲೆಕ್ಕದಲ್ಲಿ ಕಾಣಲಿ, ಅದರಲ್ಲಿ ಮಾತಾಡುವ ಯಾರ ಮೇಲಾದರೂ, ಸಭಾಪಾಲಕರ ಮೇಲೆಯೂ, ದೂರು ಕೊಡಬೇಕಾದರೆ ಯಾರನ್ನು ಕಾಣಬೇಕೆಂಬ ಹೆಸರು ಮತ್ತು ಫೋನ್ ನಂಬರು ಪ್ರತಿ ವಿಡಿಯೊದ ಕೆಳಗೂ ದೇವಾಲಯದ ನೋಟೀಸ್ ಬೋರ್ಡಿನಲ್ಲಿಯೂ ಇರಲಿ. ಆ ಹೆಸರುಗಳಲ್ಲಿ ಒಂದಾದರೂ ಮಹಿಳೆಯದಾಗಿರಲಿ.